ನೀರಿನವರು

“ಹೋಗ್ತೀನಿ” ಎಂದಳೋ, “ಹೋಗಿ ಬರ್ತೀನಿ” ಎಂದಳೋ?

ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದವನು ಕೈಯಲ್ಲೊಂದು ಕುರ್ಚಿ ಹಿಡಿದುಕೊಂಡೇ ನಿಂತುಬಿಟ್ಟ. ಬೆಳಗಿನಿಂದ ತಲೆಯಲ್ಲಿ ಇದೇ ಕೊರೆಯುತ್ತಿತ್ತು. ಬೆಳಿಗ್ಗೆ ಅವನು ಬಚ್ಚಲಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಕೆಟ್ ತುಂಬಿಸುತ್ತಿದ್ದ. ಹೆಂಡತಿ ಬಾಗಿಲಾಚೆ ಬಂದು ಏನೋ ಹೇಳಿದಳು. ‘ಹೋ’ ಎಂಬುದಷ್ಟೇ ಕೇಳಿಸಿತು. ಉಳಿದದ್ದನ್ನು ನೀರಿನ ಸದ್ದು ನುಂಗಿತು. “ಹ್ಞೂಂ” ಎಂದ, ಒಳಗಿನಿಂದಲೇ. ನಲ್ಲಿ ನಿಲ್ಲಿಸುವಷ್ಟರಲ್ಲಿ ಹೊರಬಾಗಿಲು ಮುಚ್ಚಿಕೊಂಡಿತ್ತು. ಸೂಟ್‌ಕೇಸಿನ ಚಕ್ರಗಳು ಮೆಟ್ಟಿಲಿನಿಂದ ಮೆಟ್ಟಿಲಿಗೆ ದಡಕ್ ದಡಕ್ ಎನ್ನುತ್ತ ಇಳಿಯುತ್ತಿದ್ದವು.

ದೊಡ್ಡ ಸೂಟ್‌ಕೇಸು. ಅಕ್ಕನ ಮನೆಗೆ ನಾಲ್ಕು ದಿನಕ್ಕೆಂದು ಹೊರಟವಳಿಗೆ ಅಷ್ಟು ದೊಡ್ಡದು ಯಾಕೆ ಎಂದು ಕೇಳಬಹುದಿತ್ತು. ಹಿಂದಿನ ದಿನ ಅದು ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದಾಗಲೇ ಕೇಳಬಹುದಿತ್ತು. ಅವನು ಅದನ್ನು ಸುತ್ತಿಕೊಂಡು ಹೋಗಿ ಮಂಚದ ತನ್ನ ಬದಿಯಲ್ಲಿ ಮಲಗಿದ್ದ.

ಬರೀ ಹೋಗ್ತೀನಿ ಎಂದು ಯಾರೂ ಹೇಳುವುದಿಲ್ಲ. ಬೀದಿ ತಿರುವಿನ ಅಂಗಡಿಗೆ ಹಾಲು ತರಲು ಹೋಗುವವರೂ ಹೋಗಿ ಬರ್ತೀನಿ ಎನ್ನುತ್ತಾರೆ. ಬರುವ ಮಾತನ್ನು ಬಿಟ್ಟು ಹೋಗುವುದನ್ನಷ್ಟೇ ಹೇಳಿದರೆ ಅದು ಜಗಳದ ಮಾತು. ಜಗಳವಂತೂ ಆಗಿರಲಿಲ್ಲ. ಅವರ ಮನೆಯಲ್ಲಿ ಜಗಳ ಆಗಿ ಯಾವ ಕಾಲವಾಯಿತು! ಹಾಗೆ ನೋಡಿದರೆ ಆಗಿದ್ದರೇ ಚೆನ್ನಾಗಿತ್ತು.

“ಏನು, ಕುರ್ಚಿ ಜೊತೆ ಮಾತಾಡ್ತಿದೀರಾ?”

ಸಂಘದ ಅಧ್ಯಕ್ಷರು ಬಂದಿದ್ದರು. ಬಾಯಿ ಬಿಡುವ ಮೊದಲು ಪ್ರತಿ ಸಲವೂ ಗಂಟಲು ಸರಿಮಾಡಿಕೊಳ್ಳುವ ಅವರನ್ನು ಬೆನ್ನ ಹಿಂದೆ ಎಲ್ಲರೂ ‘ಗಂಟಲು’ ಎಂದೇ ಕರೆಯುತ್ತಿದ್ದರು. ಅವನು ಕುರ್ಚಿ ಕೆಳಗಿಟ್ಟು ನಕ್ಕ. ಆ ನಗು ಅವನಿಗೆ ಈಗ ಸಲೀಸಾಗಿ ಬರುತ್ತಿತ್ತು.

“ಇವತ್ತು ಅತಿಥಿಗಳು ಯಾರಾದ್ರೂ ಬರ್ತಾರಾ?”

“ಬರಬಹುದು ಸರ್.”

“ಬರಲೇಬೇಕು. ನಿಮ್ಮನ್ನೇ ನಂಬಿಕೊಂಡಿದೀನಿ.”

ಅದು ನಷ್ಟ ಅಂದಾಜು ಮಾಡುವವರ ಸಂಘ. ವಿಮೆ ಮಾಡಿಸಿದವರ ಅಂಗಡಿಗೆ ಬೆಂಕಿ ಬಿದ್ದರೆ, ಮನೆಗೆ ನೀರು ನುಗ್ಗಿದರೆ, ಗಾಡಿ ಜಜ್ಜಿಹೋದರೆ, ಕಂಪನಿಯ ಕಡೆಯಿಂದ ಹೋಗಿ ನೋಡಿ, ಏನು ಹೋಯಿತು ಏನು ಉಳಿಯಿತು ಎಂದು ಹೇಳುವವರು ಇವರು. ತಮ್ಮತಮ್ಮಲ್ಲಿ ಬೆಂಕಿಯವರು, ನೀರಿನವರು, ಗಾಡಿಯವರು ಎಂದು ಕರೆದುಕೊಳ್ಳುತ್ತಾರೆ. ಬೆಂಕಿಯವರಿಗೆ ಸ್ವಲ್ಪ ಜಂಬ ಹೆಚ್ಚು. ಗಾಡಿಯವರನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅವನು ನೀರಿನವನು.

ತಿಂಗಳಿಗೊಂದು ಸಭೆ. ಬ್ಯಾಂಕೊಂದರ ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ಒಂದು ಮೂಲೆಯಲ್ಲಿ ಚಹಾ, ಬಿಸ್ಕತ್ತು. ಸದಸ್ಯರು ಬಂದವರೇ ತಮ್ಮತಮ್ಮ ಗುಂಪು ಕಟ್ಟಿಕೊಂಡು, ಬಾಗಿಲಿಗೆ ಬೆನ್ನು ಹಾಕಿ ನಿಂತುಬಿಡುತ್ತಿದ್ದರು. ಹೊಸಬರು ಯಾರಾದರೂ ಬಂದರೆ ಚಹಾದ ಮೇಜಿನ ಹತ್ತಿರ ನಿಂತು, ಕರಗಿಹೋದ ಸಕ್ಕರೆಯನ್ನೇ ಮತ್ತೆ ಮತ್ತೆ ಕದಡುತ್ತ, ಗೋಡೆಯ ಮೇಲಿನ ಹಳೆಯ ಅಧ್ಯಕ್ಷರ ಫೋಟೋಗಳನ್ನು ನೋಡುತ್ತ, ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದರು. ಒಮ್ಮೆ ಬಂದವರು ಮತ್ತೆ ಈ ಕಡೆ ತಲೆ ಹಾಕಿದ್ದಿಲ್ಲ. ಸಂಘ ಸೊರಗುತ್ತಿದೆ ಎಂದು ಅಧ್ಯಕ್ಷರಿಗೆ ಗೊತ್ತಾದದ್ದು ಫೋಟೋ ಹಾಕಲು ಗೋಡೆಯಲ್ಲಿ ಜಾಗ ಉಳಿಯದೆ, ಕೂರುವ ಕುರ್ಚಿಗಳು ಮಾತ್ರ ಉಳಿಯತೊಡಗಿದ ಮೇಲೆ.

“ಅತಿಥಿಗಳನ್ನ ನೋಡ್ಕೊಳ್ಳೋಕೆ ಒಬ್ಬರು ಬೇಕು,” ಎಂದು ಗಂಟಲು ಸರಿಮಾಡಿಕೊಂಡು, ಇವನ ಕಡೆ ತಿರುಗಿ ಹೇಳಿದ್ದರು. “ನೀವು ಹೇಗೂ ಯಾರ ಗುಂಪಿನಲ್ಲೂ ಇಲ್ಲ. ಬಾಗಿಲಲ್ಲಿ ನಿಲ್ಲೋಕೆ ನೀವೇ ಸರಿ.”

ಆಗ ಅದನ್ನು ಹೊಗಳಿಕೆ ಎಂದುಕೊಂಡು ತಲೆಯಾಡಿಸಿದ್ದ. ಮನೆಗೆ ಬಂದು ಕೈಕಾಲು ತೊಳೆಯುವಾಗ ಮಾತು ಚುಚ್ಚಿತು.

ಆದರೂ ಕೆಲಸವನ್ನು ಮನಸ್ಸಿಟ್ಟು ಮಾಡಿದ. ಅದನ್ನು ಒಪ್ಪಲೇಬೇಕು. ಮೆಟ್ಟಿಲು ಹತ್ತಿ ಬರುವವರ ಕಣ್ಣಿಗೆ ಮೊದಲು ತನ್ನ ಮುಖವೇ ಬೀಳುವಂಥ ಜಾಗ ಹುಡುಕಿಕೊಂಡ. ಹೆಸರು ಕೇಳಿದ ಕೂಡಲೇ ಅದನ್ನು ಮಾತಿನಲ್ಲಿ ಎರಡು ಸಲ ಬಳಸುತ್ತಿದ್ದ. ಹಾಗೆ ಮಾಡಿದರೆ ಬಂದವರಿಗೆ ತಾವು ಬಂದದ್ದು ಇಲ್ಲಿ ಯಾರಿಗೋ ಬೇಕಾಗಿತ್ತು ಅನ್ನಿಸುತ್ತದೆ ಎಂದು ಎಲ್ಲೋ ಓದಿದ್ದ. ಚಹಾದ ಹತ್ತಿರ ಯಾರನ್ನೂ ಒಂಟಿಯಾಗಿ ಬಿಡುತ್ತಿರಲಿಲ್ಲ. ಬೆಂಕಿಯವರನ್ನು ಬೆಂಕಿಯವರಿಗೆ, ನೀರಿನವರನ್ನು ನೀರಿನವರಿಗೆ ಗಂಟುಹಾಕಿ, ಮಾತು ಹತ್ತಿಕೊಂಡಿತು ಎನ್ನುವಾಗ ತಾನು ಮೆಲ್ಲಗೆ ಹಿಂದೆ ಸರಿಯುತ್ತಿದ್ದ. ಕನ್ನಡಿಯ ಮುಂದೆ “ಬನ್ನಿ, ಬನ್ನಿ” ಎನ್ನುವುದನ್ನು ಅಭ್ಯಾಸ ಮಾಡಿದ. ಮೊದಲನೆಯ ‘ಬನ್ನಿ’ಗಿಂತ ಎರಡನೆಯದು ಸ್ವಲ್ಪ ಮೆತ್ತಗಿರಬೇಕೆಂಬುದು ಅವನೇ ಕಂಡುಕೊಂಡದ್ದು.

“ಯಾರ ಜೊತೆ ಮಾತಾಡ್ತಿದೀರಿ?” ಎಂದು ಹೆಂಡತಿ ಅಡುಗೆಮನೆಯಿಂದ ಕೇಳಿದ್ದಳು.

“ಯಾರೂ ಇಲ್ಲ.”

ಆಮೇಲೊಂದು ದಿನ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು.

“ರೀ, ಸಂಘದಲ್ಲಿ ಬಂದವರನ್ನೆಲ್ಲ ನೀವೇ ಮಾತಾಡಿಸೋದಂತೆ?”

“ಯಾರು ಹೇಳಿದ್ರು?”

“ನಿಮ್ಮ ಸಂಘದ ಬೂದಿಯಣ್ಣನ ಹೆಂಡ್ತಿ ಸಿಕ್ಕಿದ್ರು. ನಗುನಗ್ತಾ ಎಷ್ಟು ಚೆನ್ನಾಗಿ ಮಾತಾಡಿಸ್ತಾರಂತೆ ಅಂದ್ರು. ನಿಜವಾ?”

ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ದೂರದ ಊರಿನ ಯಾರದೋ ಸುದ್ದಿ ಕೇಳುವವಳ ಕುತೂಹಲವಿತ್ತು. ಅದೇ ಅವನಿಗೆ ಸಹಿಸಲಾಗಲಿಲ್ಲ.

“ಕೆಲಸ ಕೊಟ್ಟಿದಾರೆ. ಮಾಡ್ತೀನಿ.”

“ನಾನೂ ಒಂದ್ಸಲ ಬರಲಾ? ಹಿಂದೆ ಕೂತು ನೋಡ್ತೀನಿ ಅಷ್ಟೆ.”

“ನೋಡೋಣ.”

ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಮತ್ತೆ ಕೇಳಲಿಲ್ಲ.

ನೋಡೋಣ ಎಂಬುದು ಅವನ ಕಸುಬಿನ ಮಾತು. ನಷ್ಟವಾದವರ ಮನೆಗೆ ಹೋದಾಗ ಅಯ್ಯೋ ಪಾಪ ಎನ್ನಬಾರದು, ಎಂದರೆ ನಷ್ಟವನ್ನು ಒಪ್ಪಿಕೊಂಡಂತೆ. ಚಿಂತೆ ಮಾಡಬೇಡಿ ಎನ್ನಬಾರದು, ಎಂದರೆ ಮಾತು ಕೊಟ್ಟಂತೆ. ಅತ್ತರೆ ಗೋಡೆ ನೋಡಬೇಕು. ಏನು ಕೇಳಿದರೂ ನೋಡೋಣ. ಹೂಂ ಅಲ್ಲ, ಉಹೂಂ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರು ಕಲಿಸಿದ ಈ ಪಾಠವನ್ನು ಅವನಷ್ಟು ಚೆನ್ನಾಗಿ ಯಾರೂ ಕಲಿತಿರಲಿಲ್ಲ. ಆ ಮಾತು ಯಾವಾಗ ಅವನ ಹಿಂದೆಯೇ ಮನೆಗೆ ಬಂದು ಊಟದ ಮೇಜಿನಲ್ಲಿ ಕೂತಿತೋ ಅವನಿಗೇ ತಿಳಿಯಲಿಲ್ಲ.

ಇವತ್ತೂ ಸದಸ್ಯರು ಒಬ್ಬೊಬ್ಬರಾಗಿ ಬಂದರು. ಬಾಗಿಲ ಪಕ್ಕ ನಿಂತಿದ್ದ ಅವನನ್ನು ದಾಟಿ ಒಳಗೆ ಹೋದರು. ಸದಸ್ಯರನ್ನು ಸ್ವಾಗತಿಸುವುದು ಅವನ ಕೆಲಸವಲ್ಲ, ಅವನನ್ನು ಮಾತಾಡಿಸುವುದು ಅವರ ಕೆಲಸವೂ ಅಲ್ಲ. ಒಬ್ಬ ಗಾಡಿಯವನು ಮಾತ್ರ ಮುಖ ನೋಡದೆ ಹೆಲ್ಮೆಟ್ಟನ್ನು ಅವನ ಕೈಗೆ ಕೊಟ್ಟು, ಮೂಲೆಯಲ್ಲಿ ಇಡಿ ಎಂದು ಹೋದ. ಇಟ್ಟ.

ಜೇಬಿನಿಂದ ಫೋನು ತೆಗೆದು ಹೆಂಡತಿಗೆ ಬರೆದ: “ತಲುಪಿದೆಯಾ?”

ತಕ್ಷಣವೇ ಬಂತು: “ಹೂಂ.”

ಎಲ್ಲಿಗೆ ಎಂದು ಕೇಳುವುದು ಹೇಗೆ? ಅಕ್ಕನ ಮನೆಗೆ ಫೋನು ಮಾಡಿ ವಿಚಾರಿಸಬಹುದು. ಬಂದೇ ಇಲ್ಲವಲ್ಲ ಎಂದು ಅವಳ ಅಕ್ಕ ಹೇಳಿಬಿಟ್ಟರೆ? ಹೆಬ್ಬೆರಳು ಅಕ್ಷರಗಳ ಮೇಲೆ ಅಲೆಯಿತು. ಮದುವೆಯಾದಾಗಿನಿಂದ ಅವನು ಅಂಥ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಪ್ರಮೇಯವೇ ಬಂದಿರಲಿಲ್ಲ, ಅವಳು ಯಾವಾಗಲೂ ಇದ್ದಳು. “ಯಾವಾಗ ಬರ್ತೀಯ?” ಎಂದು ಬರೆದ. ಅಳಿಸಿದ. ಮತ್ತೆ ಬರೆದು, ಅಳಿಸುವ ಮೊದಲೇ ಕಳಿಸಿಬಿಟ್ಟ. ಭಯವಾಯಿತು. ಅದು ಭಯವೇ ಎಂದು ಒಪ್ಪಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಉತ್ತರ ಬರಲಿಲ್ಲ. ಮೆಟ್ಟಿಲ ಮೇಲೆ ಹೆಂಗಸಿನ ಚಪ್ಪಲಿಯ ಸದ್ದಾಯಿತು. ಬಂದೇಬಿಟ್ಟಳೇ? ಹಿಂದೆ ಕೂತು ನೋಡಲು?

ಬಂದವರು ಬೇರೆ. ನಡುವಯಸ್ಸಿನ ಹೆಂಗಸು. ಕನ್ನಡಕ ದಾರದಲ್ಲಿ ಕುತ್ತಿಗೆಗೆ ತೂಗುಬಿದ್ದಿತ್ತು. ಕೊನೆಯ ಮೆಟ್ಟಿಲಲ್ಲಿ ನಿಂತು, ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು.

“ಬನ್ನಿ, ಬನ್ನಿ.”

ಎರಡನೆಯದು ಮೆತ್ತಗೆ ಬಂತು. ಇಷ್ಟೊಂದು ಹದವಾಗಿ ಎಂದೂ ಬಂದಿರಲಿಲ್ಲ.

“ಯಾರು ಬೇಕಾದ್ರೂ ಬರಬಹುದಾ? ಕೆಳಗೆ ಬೋರ್ಡು ನೋಡಿದೆ. ಅತಿಥಿಗಳಿಗೆ ಆದರದ ಸ್ವಾಗತ ಅಂತ.”

“ನಿಮಗೋಸ್ಕರಾನೇ ಹಾಕಿರೋದು. ತಮ್ಮ ಹೆಸರು?”

ಆಕೆ ಹೇಳಿದರು. ಹೇಳಿ ಅವನ ಮುಖವನ್ನೇ ನೋಡುತ್ತ ನಿಂತರು, ಏನೋ ಕಾಯುವವರ ಹಾಗೆ. ಹೊಸಬರ ಸಂಕೋಚ ಎಂದುಕೊಂಡು ಅವನು ಆ ಹೆಸರನ್ನು ಸ್ವಾಗತದಲ್ಲೊಮ್ಮೆ, ಚಹಾಕ್ಕೆ ಕರೆಯುವಾಗೊಮ್ಮೆ ಬಳಸಿದ. ಆಮೇಲೆ ಸಂಘದ ಮಾಮೂಲಿ ಪ್ರಶ್ನೆ ಕೇಳಿದ.

“ಬೆಂಕಿಯೋ, ನೀರೋ?”

“ಏನು?”

“ಅಂದ್ರೆ, ನಿಮ್ಮದು ಬೆಂಕಿಯೋ ನೀರೋ ಅಂತ.”

ಆಕೆ ಕನ್ನಡಕ ಸರಿಮಾಡಿಕೊಂಡು ಹೇಳಿದರು. “ನೀರು.”

“ಹಾಗಾದ್ರೆ ನಮ್ಮವರೇ ಆದ್ರಿ!”

“ಹೌದಾ?”

“ನಾನೂ ನೀರೇ. ಎಷ್ಟು ಸಮಯ ಆಯ್ತು ನಿಮಗೆ?”

“ಎರಡು ಮಳೆಗಾಲ ಕಳೀತು.”

“ಹೊಸದು ಹಾಗಾದ್ರೆ. ಮೊದಮೊದಲು ಮನಸ್ಸಿಗೆ ಕಷ್ಟ ಆಗುತ್ತೆ. ಆಮೇಲೆ ಅಭ್ಯಾಸ ಆಗಿಬಿಡುತ್ತೆ.”

“ಆಗುತ್ತಾ?”

“ಆಗ್ಲೇಬೇಕಲ್ಲ. ನೋಡಿ ನೋಡಿ ಗಟ್ಟಿಯಾಗ್ತೀವಿ.”

“ಅದು ನಿಜ,” ಎಂದರು ಆಕೆ.

ಚಹಾದ ಹತ್ತಿರ ಬೂದಿಯಣ್ಣ ಬಿಸ್ಕತ್ತು ಆರಿಸುತ್ತಿದ್ದ. ಬೆಂಕಿಯವರಲ್ಲೇ ಹಿರಿಯ. ಸುಟ್ಟ ಗೋದಾಮುಗಳಲ್ಲಿ ಅಲೆದು ಅಲೆದು ಅವನ ಅಂಗಿಯ ಕಾಲರಿನಲ್ಲಿ ಸದಾ ಹೊಗೆಯ ವಾಸನೆ ಇರುತ್ತಿತ್ತು.

“ಬೂದಿಯಣ್ಣ, ಇವರು ನೀರು.”

“ನೀವು ಪುಣ್ಯವಂತರಮ್ಮ,” ಎಂದ ಬೂದಿಯಣ್ಣ. “ನೀರು ಇಳಿದ ಮೇಲೆ ಸಾಮಾನಾದ್ರೂ ಕಣ್ಣಿಗೆ ಕಾಣುತ್ತೆ. ನಮಗೆ ಏನಿದೆ? ಒದ್ದರೆ ಹಾರುತ್ತೆ.” ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕ.

ಆಕೆ ನಗಲಿಲ್ಲ. ಒಂದು ಬಿಸ್ಕತ್ತು ತೆಗೆದುಕೊಂಡು ಚಹಾದಲ್ಲಿ ಅದ್ದಿ, ಮುರಿದು ಬೀಳುವ ಮೊದಲೇ ಬಾಯಿಗೆ ಹಾಕಿಕೊಂಡರು.

ಅವನು ಮುಂದಿನ ಸಾಲಿನಿಂದ ಒಂದು ಕುರ್ಚಿ ಎಳೆದು, ಕರವಸ್ತ್ರದಿಂದ ಒರೆಸಿ, “ಕೂತ್ಕೊಳ್ಳಿ” ಎಂದ. ಆಕೆ ಆ ಕುರ್ಚಿಯನ್ನು ನೋಡಿದರು, ಅವನನ್ನು ನೋಡಿದರು, ಮತ್ತೆ ಕುರ್ಚಿಯನ್ನು ನೋಡಿದರು. ಆಮೇಲೆ ಕೂತರು. ಅವನೂ ಪಕ್ಕದಲ್ಲಿ ಕೂತ.

“ನೀವು ತುಂಬ ಚೆನ್ನಾಗಿ ಮಾತಾಡಿಸ್ತೀರಿ,” ಎಂದರು ಆಕೆ.

ಅವನಿಗೆ ಖುಷಿಯಾಯಿತು. ಈ ಮಾತನ್ನು ಹೆಂಡತಿ ಕೇಳಿಸಿಕೊಂಡಿದ್ದರೆ ಅನ್ನಿಸಿತು.

“ಹೆಸರನ್ನ ಎರಡು ಸಲ ಹೇಳ್ತೀರಲ್ಲ, ಅದನ್ನ ನಮಗೂ ಕಲಿಸಿದಾರೆ.”

“ನಿಮ್ಮ ಕಂಪನಿಯಲ್ಲಾ?”

“ಎದುರಿಗೆ ಕನ್ನಡಕದ ಅಂಗಡಿ ಇದೆಯಲ್ಲ, ಅಲ್ಲಿ ಮುಂದೆ ಕೂರೋದು ನಾನೇ. ಬಂದವರನ್ನ ಬನ್ನಿ ಬನ್ನಿ ಅನ್ನೋ ಕೆಲಸ.”

ಅವನ ನಗು ಮುಖದಲ್ಲೇ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

“ಅಂದ್ರೆ ನೀವು ನಮ್ಮ ಕಸುಬಿನವರಲ್ವಾ? ನೀರು ಅಂದ್ರಿ.”

“ನೀವು ಬೆಂಕಿಯೋ ನೀರೋ ಅಂತ ಕೇಳಿದ್ರಿ. ನಮ್ಮನೆಗೆ ಬಂದದ್ದು ನೀರು.”

ಸಭೆ ಶುರುವಾಗುತ್ತಿತ್ತು. ಅಧ್ಯಕ್ಷರು ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಆಕೆ ದನಿ ತಗ್ಗಿಸಿದರು.

“ನಿಮಗೆ ನನ್ನ ಗುರುತು ಸಿಗಲಿಲ್ಲ. ಹೆಸರು ಹೇಳಿದ ಮೇಲಾದ್ರೂ ಸಿಗಬಹುದು ಅಂದ್ಕೊಂಡೆ.”

ಅವನು ನೆನಪು ಮಾಡಿಕೊಳ್ಳಲು ನೋಡಿದ. ನೆನಪಿಗೆ ಬಂದದ್ದೆಲ್ಲ ಗೋಡೆಗಳು. ನೀರು ನಿಂತು ಇಳಿದ ಗೆರೆ ಯಾವ ಮನೆಯಲ್ಲಿ ಎಲ್ಲಿಯವರೆಗೆ ಇತ್ತೆಂದು ಅವನು ಈಗಲೂ ಹೇಳಬಲ್ಲ. ಉಬ್ಬಿದ ಬೀರುಗಳು, ಬಿರಿದ ಬಾಗಿಲುಗಳು, ಅಂಟಿಕೊಂಡ ಹಾಸಿಗೆಗಳು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದ್ದವು. ಅವುಗಳ ನಡುವೆ ಎಲ್ಲೂ ಒಂದು ಮುಖವಿರಲಿಲ್ಲ.

“ನೀವು ಬಂದಾಗ ನಮ್ಮನೆಯಲ್ಲಿ ನೆನೆಯದ ಕುರ್ಚಿ ಒಂದೇ ಇತ್ತು. ಅಟ್ಟದ ಮೇಲೆ ಇದ್ದದ್ದು. ನಮ್ಮಮ್ಮ ಅದನ್ನ ಇಳಿಸಿ, ಸೆರಗಿನಿಂದ ಒರೆಸಿ ನಿಮಗೆ ಹಾಕಿದ್ರು. ಅಮ್ಮನಿಗೆ ಮೊಣಕಾಲು ನೋವು. ಆದ್ರೂ ನಿಂತೇ ಇದ್ರು, ಬಂದವರು ಮೊದಲು ಕೂರಲಿ ಅಂತ.”

ಅವನು ತಾನು ಕೂತ ಕುರ್ಚಿಯ ಅಂಚು ಹಿಡಿದುಕೊಂಡ.

“ನೀವು ಅದರ ಮೇಲೆ ಚೀಲ ಇಟ್ರಿ. ಇಟ್ಟು, ಮಧ್ಯಾಹ್ನವಿಡೀ ಗೋಡೆ ನೋಡಿದ್ರಿ. ಅಮ್ಮ ನಿಂತೇ ಇದ್ರು. ಆಮೇಲೆ ಚೀಲ ಎತ್ಕೊಂಡು ಹೋದ್ರಿ. ನನ್ನ ತಂಗಿ ಕೇಳಿದಳು, ಅವರಿಗೆ ಮಾತು ಬರಲ್ವೇನಕ್ಕಾ ಅಂತ.”

“ನಮ್ಮಲ್ಲಿ ನಿಯಮ ಇದೆ,” ಎಂದ ಅವನು. ತನ್ನ ದನಿ ತನಗೇ ಬೇರೆಯವರದೆನ್ನಿಸಿತು. “ಕೂರಬಾರದು. ಮಾತಾಡಬಾರದು.”

“ಇರಬಹುದು. ನಾನು ದೂರು ಹೇಳೋಕೆ ಬಂದಿಲ್ಲ. ಬರಬೇಕಾದ ದುಡ್ಡು ಬಂತು, ಅದರಲ್ಲಿ ಮೋಸ ಇಲ್ಲ.”

“ಮತ್ತೆ?”

“ಹೋದ ತಿಂಗಳು ಅಂಗಡಿ ಬಾಗಿಲಿಂದ ನೋಡಿದೆ. ನೀವು ಬೋರ್ಡು ಇಟ್ಟು, ಯಾರೋ ಒಬ್ಬರ ಭುಜ ಹಿಡ್ಕೊಂಡು, ನಗ್ತಾ ಮೇಲೆ ಕರ್ಕೊಂಡು ಹೋದ್ರಿ. ಇವರೇನಾ ಅವರು ಅಂತ ನಂಬಿಕೆ ಬರಲಿಲ್ಲ. ಹತ್ತಿರದಿಂದ ನೋಡಿ ಹೋಗೋಣ ಅಂತ ಬಂದೆ.” ಆಕೆ ಖಾಲಿ ಕಪ್ಪನ್ನು ಕುರ್ಚಿಯ ಕೆಳಗಿಟ್ಟರು. “ನೀವೇ. ಬೇರೆಯವರಲ್ಲ.”

ಆ ಅಮ್ಮನ ಬಗ್ಗೆ ಕೇಳಬೇಕೆನ್ನಿಸಿತು. ಈಗ ಹೇಗಿದ್ದಾರೆ ಎಂದು ಕೇಳಿದರೆ ಸಾಕು. ಬಾಯಿ ತೆರೆದ. ನಾಲಿಗೆಗೆ ಬಂದದ್ದು ಒಂದೇ ಮಾತು, ಯಾವಾಗಲೂ ಬರುವ ಆ ಕಸುಬಿನ ಮಾತು. ಅದನ್ನು ಹಲ್ಲು ಕಚ್ಚಿ ತಡೆದ. ಅದನ್ನು ಬಿಟ್ಟರೆ ಬೇರೆ ಯಾವುದೂ ಒಳಗಿರಲಿಲ್ಲ.

“ಇವತ್ತು ನಮ್ಮ ನಡುವೆ ಒಬ್ಬರು ಅತಿಥಿ ಇದಾರೆ ಅಂತ ಕಾಣುತ್ತೆ,” ಎಂದರು ಅಧ್ಯಕ್ಷರು. “ಕರ್ಕೊಂಡು ಬಂದವರೇ ಪರಿಚಯ ಮಾಡಿಕೊಡಬೇಕು.”

ಗುಂಪುಗಳು ತಿರುಗಿ ಕೂತವು. ಬೆನ್ನುಗಳೆಲ್ಲ ಮುಖಗಳಾದವು. ಅವನು ಎದ್ದು ನಿಂತ. ಆಕೆಯ ಹೆಸರು ಮರೆತುಹೋಗಿತ್ತು.

ಎರಡು ಸಲ ಹೇಳಿದ ಹೆಸರು. ಎರಡು ಸಲ ಹೇಳಿದ್ದರಿಂದಲೇ ಒಳಗೆ ಇಳಿದಿರಲಿಲ್ಲವೇನೋ. ಅವನು ಆಕೆಯ ಕಡೆ ನೋಡಿದ. ಆಕೆ ಸಹಾಯ ಮಾಡಲಿಲ್ಲ, ಕನ್ನಡಕದೊಳಗಿನಿಂದ ಕುತೂಹಲದಿಂದ ನೋಡುತ್ತಿದ್ದರು.

“ಇವರು,” ಎಂದ. “ಇವರು... ನೀರಿನವರು.”

ಚಪ್ಪಾಳೆ ಬಿತ್ತು. ನೀರಿನವರ ಕಡೆಯಿಂದ ಸ್ವಲ್ಪ ಜೋರಾಗಿಯೇ ಬಿತ್ತು. ಇನ್ನೊಬ್ಬರು ಸಿಕ್ಕಿದರೆಂದು ಅವರಿಗೆ ಹಿಗ್ಗು. “ಎರಡು ಮಾತಾಡಿಯಮ್ಮ,” ಎಂದು ಯಾರೋ ಕೂಗಿದರು.

ಆಕೆ ನಿಧಾನವಾಗಿ ಎದ್ದರು. ಅವನಿಗೆ ಓಡಿಹೋಗಬೇಕೆನ್ನಿಸಿತು.

“ಹೌದು, ನೀರಿನವಳೇ,” ಎಂದರು. “ನಿಮ್ಮವರು ನನ್ನನ್ನ ಚೆನ್ನಾಗಿ ನೋಡ್ಕೊಂಡ್ರು.”

ಅಷ್ಟು ಹೇಳಿ ಕೂತರು. ಅಧ್ಯಕ್ಷರಿಗೆ ಅದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಸಂಘದ ಹೊಸ ಪದ್ಧತಿ ಫಲ ಕೊಡುತ್ತಿದೆ ಎಂದರು. ಆದರ ಎಂಬುದು ಬರೀ ಬಾಯಿಮಾತಲ್ಲ ಎಂದರು. ಬಾಗಿಲಲ್ಲಿ ನಿಂತ ಈ ಮನುಷ್ಯನಿಗೆ ಎಲ್ಲರೂ ಒಂದು ಚಪ್ಪಾಳೆ ಕೊಡಬೇಕು ಎಂದರು. ಬೂದಿಯಣ್ಣ ಎದ್ದು ನಿಂತು ತಟ್ಟಿದ. ಸಂಘಕ್ಕೆ ಸೇರಿದಾಗಿನಿಂದ ಅವನಿಗೆಂದು ಬಿದ್ದ ಮೊದಲ ಚಪ್ಪಾಳೆ ಅದು. ಅದು ನಡೆಯುತ್ತಿದ್ದಾಗಲೇ ಜೇಬಿನಲ್ಲಿ ಫೋನು ನಡುಗಿತು.

ಯಾವಾಗ ಬರ್ತೀಯ ಎಂದು ಕೇಳಿದ್ದಕ್ಕೆ ಹೆಂಡತಿಯ ಉತ್ತರ.

“ನೋಡೋಣ.”

ಅವನು ಅದನ್ನು ಓದಿ, ಫೋನನ್ನು ಜೇಬಿಗೆ ಹಾಕಿಕೊಂಡು, ಚಪ್ಪಾಳೆ ಮುಗಿಯುವವರೆಗೂ ಕೈಮುಗಿದು ನಿಂತಿದ್ದ. ಅವಳು ಕೋಪದಿಂದ ಬರೆದಿರಲಿಕ್ಕಿಲ್ಲ. ಚುಚ್ಚಲೆಂದೂ ಬರೆದಿರಲಿಕ್ಕಿಲ್ಲ. ಇಷ್ಟು ವರ್ಷ ಕೇಳಿ ಕೇಳಿ ಅವಳಿಗೂ ಅದೇ ಬಾಯಿಗೆ ಬಂದಿರಬೇಕು. ಹಾಗೆಂದುಕೊಂಡರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಗಾಡಿಯವರೊಬ್ಬರ ಭಾಷಣ ಆರಂಭವಾದಾಗ ಆಕೆ ಸೆರಗು ಸರಿಮಾಡಿಕೊಂಡು ಹಿಂದಿನಿಂದ ಹೊರಟರು. ಅವನು ಮೆಟ್ಟಿಲ ತನಕ ಓಡಿದ.

“ಅಮ್ಮ... ನಿಮ್ಮ ಅಮ್ಮ ಹೇಗಿದಾರೆ?”

ಆಕೆ ತಿರುಗಿ ನೋಡಿದರು. “ಇದಾರೆ. ಮೊಣಕಾಲು ಹಾಗೇ ಇದೆ.”

“ಅವತ್ತು ನಾನು...”

“ಬಿಡಿ. ಈಗ ಬೇರೆ ಮನೆ. ಮೇಲಿನ ಮಹಡಿ.”

ಮುಂದೆ ಏನು ಹೇಳುವುದು? ಅಭ್ಯಾಸ ಅವನ ಕೈಹಿಡಿಯಿತು. “ಮತ್ತೆ ಬನ್ನಿ,” ಎಂದ. ಮೆತ್ತಗೇ ಬಂತು ಅದು.

“ಹೂಂ, ಬರ್ತೀನಿ.”

ಆಕೆ ಇಳಿಯತೊಡಗಿದ್ದರು. ಅವನು ಕಂಬಿ ಹಿಡಿದು ಬಗ್ಗಿದ.

“ಬರ್ತೀನಿ ಅಂದ್ರೆ, ನಿಜವಾಗ್ಲೂ ಬರ್ತೀರಾ?”

ಕೆಳಗಿನ ತಿರುವಿನಲ್ಲಿ ನಿಂತು ಆಕೆ ಮೊದಲ ಸಲ ನಕ್ಕರು. ಅದು ಕೆಟ್ಟ ನಗುವಲ್ಲ. ಎಳೆಯ ಮಕ್ಕಳು ಏನಾದರೂ ಕೇಳಿದಾಗ ದೊಡ್ಡವರು ನಗುವ ನಗು.

“ಅಲ್ಲ, ಹೋಗೋವಾಗ ಎಲ್ಲರೂ ಹಾಗೇ ತಾನೆ ಹೇಳೋದು?”

ಚಪ್ಪಲಿಯ ಸದ್ದು ಬೀದಿಗಿಳಿದು ಉಳಿದ ಸದ್ದುಗಳಲ್ಲಿ ಸೇರಿಹೋಯಿತು. ಅವನು ಅಲ್ಲೇ ನಿಂತ. ಹಾಗಾದರೆ ಬೆಳಗಿನಿಂದ ತಾನು ಹುಡುಕಿದ್ದು ಯಾವುದನ್ನು? ಹೋಗಿ ಬರ್ತೀನಿ ಎಂದೇ ಅವಳು ಹೇಳಿರಬಹುದು. ಬಾಗಿಲಿಗೆ ಬಾಯಿಟ್ಟು ಸ್ಪಷ್ಟವಾಗಿಯೇ ಹೇಳಿರಬಹುದು. ನಲ್ಲಿ ನಿಂತಿದ್ದು, ಪ್ರತಿ ಅಕ್ಷರವೂ ಕಿವಿಗೆ ಬಿದ್ದಿದ್ದರೂ ಅವನಿಗೆ ಇದಕ್ಕಿಂತ ಹೆಚ್ಚೇನೂ ತಿಳಿಯುತ್ತಿರಲಿಲ್ಲ.

ಅವನು ಸಭೆಗೆ ವಾಪಸ್ಸು ಹೋಗಲಿಲ್ಲ.

ಮನೆಯ ಬೀಗ ತೆಗೆಯುವಾಗ ಹೊತ್ತು ಮುಳುಗುತ್ತಿತ್ತು. ದೀಪ ಹಾಕಲಿಲ್ಲ. ಅಡುಗೆಮನೆ ತೊಳೆದಿಟ್ಟಂತಿತ್ತು. ಅದು ಯಾವಾಗಲೂ ಹಾಗೇ ಇರುತ್ತಿತ್ತೋ, ಇವತ್ತು ಮಾತ್ರವೋ? ಮಲಗುವ ಕೋಣೆಗೆ ಹೋಗಿ ಅವಳ ಬೀರು ತೆರೆದ. ಒಳಗೆ ಸೀರೆಗಳಿದ್ದವು. ನಡುವಿನ ಒಂದು ಖಾನೆ ಪೂರ್ತಿ ಖಾಲಿಯಾಗಿತ್ತು. ಮುಂಚೆ ಅಲ್ಲಿ ಏನಿತ್ತು? ಯಾವ ಮನೆಗೆ ಹೋದರೂ ಅವನು ಮೊದಲು ತಿಳಿದುಕೊಳ್ಳುವುದು ಅದನ್ನೇ. ಮುಂಚೆ ಏನಿತ್ತೆಂದು ಗೊತ್ತಿಲ್ಲದೆ ಏನು ಹೋಯಿತೆಂದು ಹೇಳಲಾಗುವುದಿಲ್ಲ. ಹೇಳಬೇಕಾದವನು ಆ ಮನೆಯಲ್ಲಿ ವಾಸವಾಗಿದ್ದವನು. ಇಲ್ಲಿ ವಾಸವಾಗಿದ್ದವನು ಅವನೇ.

ಮಂಚದ ಮೇಲೆ ತನ್ನ ಬದಿಯಲ್ಲಿ ಕೂತ. ಆಚೆ ಬದಿಯಲ್ಲಿ ಅವಳ ದಿಂಬು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಅಳುತ್ತಿದ್ದಳೋ ಏನೋ. ಅವನಿಗೆ ನಿದ್ದೆ ಬೇಗ ಹತ್ತುತ್ತಿತ್ತು.

ಎದ್ದು ಹೋಗಿ ಕೆಲಸದ ಚೀಲದಿಂದ ತೇವ ನೋಡುವ ಯಂತ್ರ ತಂದ. ಮುಷ್ಟಿಯಲ್ಲಿ ಹಿಡಿಯುವಂಥದು, ತುದಿಯಲ್ಲಿ ಎರಡು ಸೂಜಿ. ಗೋಡೆಗೋ ಮರಕ್ಕೋ ಚುಚ್ಚಿದರೆ, ಮೇಲೆ ಒಣಗಿದ್ದು ಒಳಗೆ ನೀರು ಉಳಿದಿದ್ದರೆ, ಕಿರುಗುಟ್ಟುತ್ತದೆ. ಅವಳ ದಿಂಬಿನ ನಡುವೆ ಚುಚ್ಚಿದ. ಸದ್ದಿಲ್ಲ. ಅಂಚಿಗೆ ಚುಚ್ಚಿದ. ಮಗುಚಿ ಹಾಕಿ ಚುಚ್ಚಿದ. ಸದ್ದಿಲ್ಲ.

ಯಂತ್ರ ಕೆಟ್ಟಿದೆಯೋ ಎಂದು ಸೂಜಿಗಳನ್ನು ತನ್ನ ಅಂಗೈಗೆ ಒತ್ತಿಕೊಂಡ. ಅದು ಆ ಖಾಲಿ ಕೋಣೆಯಲ್ಲಿ ಕರ್ಕಶವಾಗಿ ಕಿರುಚಿತು. ಸರಿಯಾಗಿಯೇ ಇತ್ತು.

ಒಣಗಿದೆ ಎಂದರೆ ನೀರು ಬಿದ್ದೇ ಇಲ್ಲವೆಂದಲ್ಲ. ಬಿದ್ದು ತುಂಬ ದಿನವಾಯಿತೆಂದೂ ಇರಬಹುದು. ಯಂತ್ರ ಅದನ್ನು ಹೇಳುವುದಿಲ್ಲ. ನೀರಿನವನಾದ ಅವನಿಗೆ ಇದು ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಆದರೂ ಅವಳ ಕಡೆಯ ಹಾಸಿಗೆಗೆ ಚುಚ್ಚಿದ, ಅವಳು ಮುಖ ಮಾಡುತ್ತಿದ್ದ ಗೋಡೆಗೆ ಚುಚ್ಚಿದ, ಬೀರುವಿನ ಖಾಲಿ ಖಾನೆಗೆ, ಬಾಗಿಲ ಚೌಕಟ್ಟಿಗೆ. ಕತ್ತಲಾಯಿತು. ಅವನು ಒಂದು ಕೈಯಿಂದ ಗೋಡೆ ತಡವುತ್ತ, ಇನ್ನೊಂದು ಕೈಯಲ್ಲಿ ಯಂತ್ರವನ್ನು ಚಾಚಿ, ಒಂದಾದ ಮೇಲೊಂದು ಜಾಗಕ್ಕೆ ಒತ್ತುತ್ತ, ಪ್ರತಿ ಸಲವೂ ಉಸಿರು ಬಿಗಿಹಿಡಿದು ಕಿವಿಗೊಡುತ್ತ, ಮುಂದಿನ ಕೋಣೆಗೆ ಹೋದ.